ಹುಳದ ಬೆನ್ನಿನ ಹನ್ನೊಂದು ಚುಕ್ಕೆ

ಇಂಥ ಅನುಭವಗಳನ್ನು ಬೇರೆಯವರು ಬರೆದಾಗ ನಾನು ಓದಿ ನಕ್ಕವನು. ದೆವ್ವ, ಶಕುನ, ಮೈಮೇಲೆ ಬರುವುದು, ಯಾವುದನ್ನೂ ನಂಬಿದವನಲ್ಲ. ಅದೆಲ್ಲ ಒತ್ತಟ್ಟಿಗಿರಲಿ, ಹಾಲಿನವನು ಹಾಕಿದ ಹಾಲನ್ನೂ ಬೆಳಕಿಗೆ ಹಿಡಿದು ನೋಡುವ ಸ್ವಭಾವ ನನ್ನದು. "ದೇವರೇ ಬಂದು ವರ ಕೊಡ್ತೀನಿ ಅಂದ್ರೂ ಮೊದಲ ಆಧಾರ್ ಕಾರ್ಡ್ ಕೇಳವ್ರು ನೀವು" ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅಂಥವನೇ ಇದನ್ನು ಬರೆಯುತ್ತಿದ್ದೇನೆ. ನಗುವವರು ಧಾರಾಳವಾಗಿ ನಗಬಹುದು.

ನಾನು ಶಹಾಪುರದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಸ್ವಂತ ಊರು ಗೋಗಿ. ಸಮುದ್ರದ ಹುಳಕ್ಕೂ ಶಹಾಪುರಕ್ಕೂ ಎತ್ತಣ ನಂಟು, ಗೋಕುಲಾಷ್ಟಮಿಗೂ ಇಮಾಮ್ ಸಾಬಿಗೂ ಏನು ಸಂಬಂಧ ಎಂದು ನೀವು ಕೇಳುವುದು ನ್ಯಾಯವೇ. ಒಮ್ಮೆ ವಿದ್ಯಾರ್ಥಿಗಳನ್ನು ಕಾರವಾರಕ್ಕೆ ಪ್ರವಾಸ ಕರೆದೊಯ್ದಾಗ ಬಂಡೆಗೆ ಅಂಟಿದ್ದ ಸ್ಪಂಜಿನ ಒಂದು ತುಣುಕನ್ನು ಸ್ಪಿರಿಟ್ಟಿನ ಬಾಟಲಿಯಲ್ಲಿ ಹಾಕಿಕೊಂಡು ಬಂದಿದ್ದೆ. ಅದರೊಳಗೆ ಸಿಕ್ಕ ಹುಳ ಇದು. ಎರಡು ಸಾಸಿವೆ ಕಾಳು ಜೋಡಿಸಿಟ್ಟಷ್ಟು ಉದ್ದ. ಜೋಳದ ದಂಟಿಗೆ ಇರುವಂತೆ ಮೈತುಂಬ ಗಣ್ಣು, ಗಣ್ಣಿಗೊಂದು ಜೊತೆ ಕಾಲು, ಕಾಲಿಗೆ ಬಿರುಗೂದಲು. ಯಾವ ಪುಸ್ತಕದಲ್ಲಿ ಹುಡುಕಿದರೂ ಅದರ ಹೆಸರು ಸಿಗಲಿಲ್ಲ. ಹೊಸ ಜಾತಿಯೇ ಇರಬೇಕು ಎಂದು ಖಾತ್ರಿ ಮಾಡಿಕೊಳ್ಳಲು ನಾಲ್ಕು ವರ್ಷ ಹಿಡಿಯಿತು.

ಹೊಸ ಜಾತಿ ಎಂದು ಬಾಯಲ್ಲಿ ಹೇಳಿದರೆ ಆಗದು. ಒಂದು ಹುಳವನ್ನು ಮಾದರಿಯಾಗಿ ಆರಿಸಿ, ಅದರ ಗಣ್ಣು ಗಣ್ಣನ್ನೂ ಅಳೆದು, ಚಿತ್ರ ತೆಗೆದು, ನೆಂಟರಿಂದ ಅದು ಹೇಗೆ ಬೇರೆ ಎಂದು ಬರೆದು ತೋರಿಸಬೇಕು. ಈ ಹುಳದ ನೆಂಟರೆಲ್ಲ ಮರಿಗಳನ್ನು ಬೆನ್ನಿಗೆ ಅಂಟಿಸಿಕೊಂಡು ಓಡಾಡುವ ಪೈಕಿ. ನನ್ನದರ ಬೆನ್ನು ಬೋಳು. ಇದು ಮರಿ ಹೊರುವ ಹುಳವೇ ಅಲ್ಲ ಎಂಬುದು ನನ್ನ ಲೇಖನದ ಜೀವಾಳ. ಅದು ಸುಳ್ಳಾದರೆ ನಾಲ್ಕು ವರ್ಷವೂ ನೀರಿನಲ್ಲಿ ಹೋಮ. ನಮ್ಮ ವಿಭಾಗದಲ್ಲಿ ನನ್ನ ಸೋಲಿಗೆ ಕಾಯುತ್ತಿದ್ದ ಒಬ್ಬರೂ ಇದ್ದರು. ಹಾಗೆಂದು ನಾನು ಅಂದುಕೊಂಡಿದ್ದೆ. ಅದಕ್ಕೇ ಹುಳದ ಬಾಟಲಿ ಬೀರುವಿನಲ್ಲಿ, ಬೀರುವಿನ ಕೀಲಿ ನನ್ನ ಉಡದಾರದಲ್ಲಿ.

ಚಿತ್ರ ತೆಗೆಯುವುದು ಮಾತ್ರ ನನ್ನಿಂದಾಗದ ಕೆಲಸ. ನಾನು ಎಮ್ಮೆ ಬರೆದರೆ ಜನ ಕಪಾಟು ಎನ್ನುತ್ತಾರೆ. ಹೀಗಾಗಿ ಸುರಪುರದ ಮಾನಪ್ಪ ಮಾಸ್ತರರನ್ನು ಕೇಳಿಕೊಂಡೆ. ನಿವೃತ್ತ ಡ್ರಾಯಿಂಗ್ ಮಾಸ್ತರರು. ಸುರಪುರದ ಹಳೆಯ ಕಲಮಿನ, ಅಂದರೆ ಅಲ್ಲಿಯ ಚಿತ್ರಶೈಲಿಯ, ಕೈ. ಅಳಿಲಿನ ಕೂದಲಿನ ಕುಂಚ ಹಿಡಿದು ಉಗುರಿನಷ್ಟು ಜಾಗದಲ್ಲಿ ದರ್ಬಾರು ಕೂರಿಸಬಲ್ಲವರು. ಸಮುದ್ರವನ್ನು ಅವರು ಒಮ್ಮೆಯೂ ನೋಡಿರಲಿಲ್ಲ. ಒಂದೇ ಒಂದು ಷರತ್ತು ಹಾಕಿದೆ. ಸುರಪುರದ ಕಲಮು ಬರಿ ಜಾಗ ಸಹಿಸುವುದಿಲ್ಲ, ಒಂದು ಬಳ್ಳಿ, ನಾಲ್ಕು ಮುತ್ತು ಇಟ್ಟೇಬಿಡುತ್ತದೆ. ಇಲ್ಲಿ ಅದು ಕೂಡದು ಎಂದೆ.

"ಕಂಡದ್ದಷ್ಟ ತೆಗೀತೀನ್ರಿ ಸರ. ಕಾಣದ್ದು ತೆಗ್ಯಾಕ ನನಗೇನು ಹುಚ್ಚೇನ್ರಿ" ಎಂದರು.

ಮೂರು ಭಾನುವಾರ ಬಂದರು. ಕಾಲೇಜಿನ ಪ್ರಯೋಗಾಲಯದಲ್ಲಿ ಕಿಟಕಿ ಪಕ್ಕ ಮೈಕ್ರೋಸ್ಕೋಪು ಇಟ್ಟುಕೊಟ್ಟು ನಾನು ಪಕ್ಕದಲ್ಲೇ ಕೂತು ಕಾದೆ. ಮೂರನೆಯ ಭಾನುವಾರ ಮಧ್ಯಾಹ್ನ ಚಿತ್ರ ಮುಗಿಯುತ್ತ ಬಂದಿತ್ತು. ಅರ್ಧ ತಾಸು ಚಹಾಕ್ಕೆಂದು ಬಸ್ ನಿಲ್ದಾಣದ ಕಡೆ ಹೋದೆ. ಹೇಳಲು ನಾಚಿಕೆಯಾಗುತ್ತದೆ, ಹೋಗುವಾಗ ಆ ಹಿರಿಯರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿಕೊಂಡು ಹೋಗಿದ್ದೆ.

ಬಂದು ನೋಡಿದರೆ ಚಿತ್ರದಲ್ಲಿ ಹುಳದ ಬೆನ್ನಿನ ಮೇಲೆ ಪೆನ್ಸಿಲಿನ ಎರಡು ಸಾಲು ಚುಕ್ಕೆಗಳು. ಏಳನೆಯ ಗಣ್ಣಿನಿಂದ ಹನ್ನೆರಡನೆಯ ಗಣ್ಣಿನವರೆಗೆ, ಆ ಕಡೆ ಈ ಕಡೆ ಒಂದೊಂದು. ಬಲಗಡೆ ಒಂಬತ್ತನೆಯ ಗಣ್ಣು ಮಾತ್ರ ಖಾಲಿ. ಒಟ್ಟು ಹನ್ನೊಂದು. ನಾನು ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಬೆನ್ನು ಎಂದಿನಂತೆ ಬೋಳು. ಸಿಟ್ಟು ನೆತ್ತಿಗೇರಿತು. ಬೇರೆ ಯಾವ ಅಲಂಕಾರವೂ ಅಲ್ಲ, ನನ್ನ ಲೇಖನವನ್ನು ಮುಳುಗಿಸುವಂಥ ಮರಿಗಳ ಸಾಲೇ ಇವರಿಗೆ ಹೇಗೆ ಹೊಳೆಯಿತು? ನಮ್ಮ ವಿಭಾಗದವರೇ ಹೇಳಿಕೊಟ್ಟು ಕಳಿಸಿದ್ದಾರೆ ಎಂಬ ಅನುಮಾನ ಗಟ್ಟಿಯಾಯಿತು. ಯಾರು ಹೇಳಿಕೊಟ್ಟರು ಎಂದು ಮುಖಕ್ಕೆ ಹೊಡೆದಂತೆ ಕೇಳಿಬಿಟ್ಟೆ.

ಮಾಸ್ತರರು ಬಗ್ಗಿ ಮೈಕ್ರೋಸ್ಕೋಪಿನಲ್ಲಿ ನೋಡಿದರು. ತುಂಬ ಹೊತ್ತು ನೋಡಿದರು.

"ಈಗ ಇಲ್ರಿ" ಎಂದರು. "ಆಗ ಇದ್ವು."

"ಸತ್ತ ಹುಳ ಮಾಸ್ತರ್ರ ಅದು. ಅರ್ಧ ತಾಸಿನ್ಯಾಗ ಅದರ ಬೆನ್ನ ಮ್ಯಾಲಿಂದ ಏನು ಹೋಗಬೇಕು?"

ಮಾಸ್ತರರು ರಬ್ಬರು ತೆಗೆದುಕೊಂಡರು. ನಾಳೆ ಮಾತು ಬಂದರೆ ಸಾಕ್ಷಿಗಿರಲಿ ಎಂದು, ಅವರು ಅಳಿಸುವ ಮೊದಲು ನಾನು ಮೊಬೈಲಿನಲ್ಲಿ ಚಿತ್ರದ ಫೋಟೊ ತೆಗೆದೆ. ನಾನು ಫೋಟೊ ತೆಗೆಯುವುದನ್ನು ಅವರು ನೋಡಿದರು. ಹನ್ನೊಂದನ್ನೂ ಅಳಿಸಿ, ಟೋಪಿ ಹಾಕಿಕೊಂಡು, ಚಹಾ ಕೂಡ ಕುಡಿಯದೆ ಹೊರಟುಹೋದರು.

ಲೇಖನ ಕಳಿಸಿದೆ. ಪರಿಶೀಲಿಸಿದವರು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಚಿತ್ರಗಳೂ ಬೇಕು ಎಂದರು. ನಮ್ಮ ಕಾಲೇಜಿನ ಉಪಕರಣಕ್ಕೆ ಎಂದೂ ಕಾಣದಷ್ಟು ಚಿಕ್ಕದನ್ನು ಅದು ತೋರಿಸುತ್ತದೆ. ಮಾದರಿ ಹುಳವನ್ನು ನಾನೇ ಹೈದರಾಬಾದಿನ ಒಂದು ಪ್ರಯೋಗಾಲಯಕ್ಕೆ ಒಯ್ದು, ಪರದೆಯ ಮುಂದೆ ಕೂತೆ. ಬೆನ್ನಿನ ಮೇಲೆ ಗುಂಡಗಿನ ಸಣ್ಣ ಸಣ್ಣ ಕಲೆಗಳಿದ್ದವು. ಏನೋ ಅಂಟಿಕೊಂಡಿದ್ದು ಬಿಟ್ಟುಹೋದ ಗುರುತು. ಏಳನೆಯ ಗಣ್ಣಿನಿಂದ ಹನ್ನೆರಡರವರೆಗೆ, ಎರಡು ಸಾಲು. ಮೊಬೈಲು ತೆಗೆದು ಹಳೆಯ ಫೋಟೊ ಪಕ್ಕಕ್ಕೆ ಹಿಡಿದೆ. ಬಲಗಡೆ ಒಂಬತ್ತನೆಯ ಗಣ್ಣಿನಲ್ಲಿ ಕಲೆ ಇರಲಿಲ್ಲ.

ಯಾರಾದರೂ ಹೇಳಿಕೊಟ್ಟಿದ್ದರೆ ಎರಡು ಸಾಲು ಎಂದು ಹೇಳಿಕೊಟ್ಟಾರು. ಖಾಲಿ ಜಾಗವನ್ನು ಹೇಗೆ ಹೇಳಿಕೊಟ್ಟಾರು? ಆ ಹುಳವನ್ನು ಆವರೆಗೆ ಇಷ್ಟು ಹತ್ತಿರದಿಂದ ನೋಡಿದವರೇ ಇರಲಿಲ್ಲ. ಕಾಯಂ ಅನುಮಾನದ ಮನುಷ್ಯನಿಗೆ ಅನುಮಾನಿಸಲು ಯಾರೂ ಉಳಿಯದಿದ್ದಾಗ ಆಗುವ ಭಯ ಎಂಥದ್ದು ಎಂದು ಅವತ್ತು ಗೊತ್ತಾಯಿತು. ಮರಿ ಹೊರುವುದಿಲ್ಲ ಎಂಬ ಮಾತನ್ನು ಲೇಖನದಿಂದ ತೆಗೆದೆ. ಬಿರುಗೂದಲಿನ ತುದಿ ಬೇರೆ ಥರ ಇದ್ದದ್ದರಿಂದ ಹೊಸ ಜಾತಿಯೇನೋ ಉಳಿಯಿತು. ಆದರೆ ನಾನು ಒಬ್ಬ ಪ್ರಾಮಾಣಿಕ ಹಿರಿಯರನ್ನು ಕಳ್ಳನಂತೆ ನಡೆಸಿಕೊಂಡಿದ್ದೆ. ಆ ಸಂಕಟ ನಿದ್ದೆಗೆ ಬಿಡಲಿಲ್ಲ.

ಮುಂದಿನ ಭಾನುವಾರ ಆ ಚಿತ್ರ ಹಿಡಿದುಕೊಂಡು ಸುರಪುರಕ್ಕೆ ಹೋದೆ. ಮಾಸ್ತರರು ಏನೂ ಆಗಿಯೇ ಇಲ್ಲ ಎನ್ನುವಂತೆ "ಬರ್ರಿ ಸರ, ಕೂಡ್ರಿ" ಎಂದು ಚಾಪೆ ಹಾಸಿದರು. ಕಲೆಗಳ ಮಾತನ್ನು ನಾನು ಎತ್ತಲೇ ಇಲ್ಲ. ನನ್ನದು ತಪ್ಪಾಯಿತು, ಆ ಚುಕ್ಕೆಗಳನ್ನು ಮತ್ತೊಮ್ಮೆ ತೆಗೆದುಕೊಡಿ ಎಂದಷ್ಟೇ ಕೇಳಿಕೊಂಡೆ. ಹುಟ್ಟುಗುಣ ಸುಟ್ಟರೂ ಹೋಗದು. ಪರೀಕ್ಷೆ ಮಾಡಬೇಕೆಂದು ಫೋಟೊ ತೋರಿಸದೆ ಜೇಬಿನಲ್ಲೇ ಇಟ್ಟುಕೊಂಡಿದ್ದೆ. ಅವರು ಕೇಳಲೂ ಇಲ್ಲ. ಚಿತ್ರವನ್ನು ಮಣೆಯ ಮೇಲಿಟ್ಟು ಒಂದೊಂದೇ ಚುಕ್ಕೆ ಇಡುತ್ತ ಬಂದರು. ಬಲಗಡೆ ಒಂಬತ್ತನೆಯದನ್ನು ದಾಟಿ ಮುಂದೆ ಹೋದರು.

"ಮಾಸ್ತರ್ರ, ಅಲ್ಲೊಂದು ಯಾಕ ಬಿಟ್ರಿ?" ಎಂದೆ.

ಅವರು ಕುಂಚವನ್ನು ನೀರಿನಲ್ಲಿ ಅದ್ದಿ ತೊಳೆದರು.

"ಅದು ಎಲ್ಲಕ್ಕಿಂತ ಮೊದಲ ಇಳದು ಹೋಗಿತ್ತಲ್ರಿ ಸರ. ಅದರ ಕಲೆ ಸೈತ ಮಾಯ್ದಿತ್ತು. ಉಳದವು ಇಳದದ್ದು ಆವತ್ತ, ನೀವು ಚಾ ಕುಡ್ಯಾಕ ಹೋದಾಗ."

ಆ ಹುಳ ಸತ್ತು ಸ್ಪಿರಿಟ್ಟಿಗೆ ಬಿದ್ದು ಆವತ್ತಿಗೆ ನಾಲ್ಕು ವರ್ಷವಾಗಿತ್ತು. ಪ್ರಯೋಗಾಲಯಕ್ಕೆ ಹೊರಗಿನಿಂದ ಬೀಗ ಹಾಕಿದವನು ನಾನೇ. ಇಳಿದು ಎಲ್ಲಿಗೆ ಹೋದವು ಎಂದು ಕೇಳಲು ಬಾಯಿ ತೆರೆದೆ. ಕೇಳಿದರೆ ಅದಕ್ಕೂ ಅವರು ಉತ್ತರ ಹೇಳಿಬಿಡುತ್ತಾರೆ ಎಂದು ಯಾಕೋ ಅನ್ನಿಸಿತು. ಕೇಳದೆ ಎದ್ದು ಬಂದೆ.