ಹಾಲು ಅಗಿಯುತ್ತಿದ್ದ ಜೋಗಿ ಮಾಮ

ಜೋಗಿ ಮಾಮ ಹಾಲು ಕುಡಿಯುತ್ತಿರಲಿಲ್ಲ, ಅಗಿಯುತ್ತಿದ್ದ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಎಡಗಣ್ಣು ಮುಚ್ಚಿ, ಮುದಿ ಎಮ್ಮೆ ಮೆಲುಕು ಹಾಕಿದಂತೆ ದವಡೆ ಆಡಿಸುತ್ತಿದ್ದ. ಆಮೇಲೆ ಉಗಿದು ಹೇಳುತ್ತಿದ್ದ: ಯಾರ ಮನೆ ಎಮ್ಮೆ, ಯಾವ ಗುಡ್ಡದಲ್ಲಿ ಮೇಯ್ದದ್ದು, ನೀರು ಬೆರೆಸಿದ್ದರೆ ಎಷ್ಟು. ತಪ್ಪಿದ್ದು ನಾನು ಕಂಡಿಲ್ಲ. ನಮ್ಮ ಹಟ್ಟಿಯಲ್ಲಿ ಎಮ್ಮೆ ಕೊಳ್ಳುವವರು ಮೊದಲು ಅವನನ್ನೇ ಕರೆಯುತ್ತಿದ್ದರು. ಇತ್ತಲಾರು ಊರಿನವನೊಬ್ಬ, ಕರು ಮನೆಯಲ್ಲಿದೆ ಎಂದು ಹೇಳಿ ಎಮ್ಮೆ ಮಾರಲು ಬಂದಿದ್ದ. ಮಾಮ ಅಗಿದು ಉಗಿದು, "ಕರು ಸತ್ತೋತು. ಅದರ ತೊಗಲಿಗೆ ಹುಲ್ಲು ತುಂಬಿ ತೋರ್ಸಿ ಹಾಲು ಕರೀತಾ ಇದ್ದೀ" ಎಂದ. ಆ ಮನುಷ್ಯ ಹಗ್ಗ ಹಿಡಿದು ವಾಪಸು ಹೋದ.

ಆದರೆ ಒಳ್ಳೆಯವನೇನಲ್ಲ. ನಮ್ಮ ಅಕ್ಕನ ಮದುವೆಗೆ ನೆಂಟರು ಹೆಚ್ಚಾಗಿ, ಅಪ್ಪ ಹಾಲಿಗೆ ಒಂದು ಚೊಂಬು ನೀರು ಹಾಕಿದ್ದ. ಮಾಮ ಗಂಡಿನ ಕಡೆಯವರ ಎದುರಿಗೇ ಉಗಿದು, ನೀರಿಗೆ ಹಾಲಿನ ನೆರಳು ಬಿದ್ದಿದೆ ಎಂದ. ಪಂಕ್ತಿಯೆಲ್ಲ ನಕ್ಕಿತು. ನೆಂಟನಾಗಿ ನೀನು ಸುಮ್ಮನಿರಬಾರದಿತ್ತೇ ಎಂದು ಅಪ್ಪ ಕೇಳಿದ್ದಕ್ಕೆ, "ನಾಲಿಗೆಗೆ ನೆಂಟರು ಇಲ್ಲೆ, ಭಾವ" ಎಂದ. ಅಪ್ಪ ಆಮೇಲೆ ಸಾಯುವ ತನಕ ಯಾರ ಮದುವೆಯಲ್ಲೂ ಕೂತು ಉಣ್ಣಲಿಲ್ಲ. ನಾನು ಅದನ್ನು ಮರೆಯಲಿಲ್ಲ.

ಊಟಿ ಪೇಟೆಯಲ್ಲಿ ಹೊಸ ಕಾಫಿ ಕ್ಲಬ್ ತೆರೆದರು. ಕಲ್ಲುಹಾಸಿನ ಮೇಜು, ಗೋಡೆಗೆ ಕನ್ನಡಿ. ಅಲ್ಲಿಗೆ ಹಾಲು ಹಾಕುತ್ತಿದ್ದವನು ಮಾಮನ ಒಬ್ಬನೇ ಮಗ ಮಾದ. ದಾರಿಯ ಹಳ್ಳದಲ್ಲಿ ನೀರು ಬೆರೆಸುತ್ತೇನೆಂದು ಅವನೇ ನಮ್ಮ ಹತ್ತಿರ ಕೊಚ್ಚಿಕೊಳ್ಳುತ್ತಿದ್ದ. ಹಟ್ಟಿಯ ಹುಡುಗರಿಗೆಲ್ಲ ಗೊತ್ತು, ಅವನ ಅಪ್ಪನಿಗೆ ಮಾತ್ರ ಗೊತ್ತಿಲ್ಲ. ಕ್ಲಬ್ಬಿನವನಿಗೆ ಅನುಮಾನ ಬಂದಿತ್ತು. ರುಜುವಾತಾದರೆ ಪೊಲೀಸರಿಗೆ ಹಿಡಿದುಕೊಡುತ್ತೇನೆ ಎನ್ನುತ್ತಿದ್ದ. ರುಜುವಾತು ನಾನು ಕರೆತರುತ್ತೇನೆ ಎಂದೆ.

ನನ್ನ ಗೆಳೆಯರು ಕಾಡ, ನಂಜ, ನಾನು ಮೂವರೂ ಹೋಗಿ ಮಾಮನನ್ನು ಕರೆದೆವು. ಪೇಟೆಯವರಿಗೂ ನಿನ್ನ ನಾಲಿಗೆ ತೋರಿಸು ಎಂದೆವು. ಬಿಳಿ ಮುಂಡಾಸು ಸುತ್ತಿಕೊಂಡು ಖುಷಿಯಿಂದ ಬಂದ. ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಮೀಸೆ ತಿದ್ದಿದ. ನಮಗೆ ಕಾಫಿ ಬಂತು. ಅವನ ಮುಂದೆ, ಆ ಬೆಳಗ್ಗೆ ಬಂದ ಹಸಿ ಹಾಲು ಒಂದು ಲೋಟ.

ಎಡಗಣ್ಣು ಮುಚ್ಚಿದ. ದವಡೆ ಎರಡು ಸಲ ಆಡಿ ನಿಂತಿತು. ಕಾಡ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಯಾರ ಹಾಲು, ನೀರೆಷ್ಟು ಎಂದು ಕ್ಲಬ್ಬಿನವನು ತಮಿಳಿನಲ್ಲಿ ಕೇಳಿದ. ಮಾಮ ಉಗಿಯಲಿಲ್ಲ. ನುಂಗಿದ. ಲೋಟ ಎತ್ತಿ ಉಳಿದದ್ದನ್ನೂ ಕುಡಿದ.

"ಒಳ್ಳೆ ಹಾಲು. ನೀರು ಇಲ್ಲೆ."

ಮಾದ ಪೊಲೀಸರ ಕೈಗೆ ಸಿಗದೆ ಉಳಿದುಕೊಂಡ. ನಾವು ದಾರಿಯುದ್ದಕ್ಕೂ ನಕ್ಕೆವು, ಹಟ್ಟಿಗೆ ಬಂದು ಎಲ್ಲರ ಮುಂದೆ ಹೇಳಿದೆವು. ಜೋಗಿ ಮಾಮ ಹಳ್ಳದ ನೀರನ್ನು ಒಳ್ಳೆ ಹಾಲು ಎಂದ ಅಂತ. ಕೆಲವರು ಸುಳ್ಳು ಹೇಳಿದ ಎಂದರು, ಕೆಲವರು ಮುದುಕನಿಗೆ ರುಚಿ ಹೋಯಿತು ಎಂದರು. ತನಗಾಗಿ ಅಪ್ಪ ಸುಳ್ಳು ಹೇಳಿದ ಎಂಬ ಮಾತಿನಿಂದ ತಪ್ಪಿಸಿಕೊಳ್ಳಲು ಮಾದ ಜಗಲಿಯಲ್ಲಿ ಕೂತು, "ಅಪ್ಪನ ನಾಲಿಗೆ ಸತ್ತು ವರ್ಷ ಆತು, ಬಿಡಿ" ಎಂದ. ಮಾಮ ಬಾಗಿಲಲ್ಲೇ ನಿಂತಿದ್ದ. ಕೇಳಿಸಿಕೊಂಡು ಒಳಗೆ ಹೋದ. ಮುಂದೆ ಯಾರೂ ಅವನನ್ನು ಎಮ್ಮೆ ನೋಡಲು ಕರೆಯಲಿಲ್ಲ.

ಮಳೆ ಬಿಟ್ಟ ಮೇಲೆ ಕಲ್ಲಟ್ಟಿ ಇಳಿಜಾರಿನಲ್ಲಿ ಸಿಕ್ಕಿದ. ಹೆಗಲಲ್ಲಿ ಗಂಟು. ಮಸಿನಗುಡಿಯಲ್ಲಿ ಯಾರದೋ ದನ ಕಾಯಲು ಹೊರಟಿದ್ದ. ಅಂದು ನಿನಗೆ ನಿಜವಾಗಿ ಗೊತ್ತಾಗಲಿಲ್ಲವೇ ಎಂದು ಕೇಳಿದೆ.

"ಬಾಯಿಗೆ ಹಾಕ್ದಾಗಲೇ ಗೊತ್ತಾತು. ಯಾವ ಹಳ್ಳದ ನೀರಂತಲೂ ಗೊತ್ತಾತು" ಎಂದ. ಗಂಟನ್ನು ಇನ್ನೊಂದು ಹೆಗಲಿಗೆ ಬದಲಿಸಿ, "ನಿಂಗೂ ಗೊತ್ತಿತ್ತು, ಅಲ್ವಾ?"

"ಇತ್ತು."

ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಬೇಕು, ಅವರು ನೆತ್ತಿ ಮುಟ್ಟಿ ಹರಸಬೇಕು. ಹಗೆಯವನ ಮಗನಿಗೂ ಅಷ್ಟು ಮಾಡುತ್ತಾರೆ. ನಾನು ಬಾಗಿದೆ. ಅವನ ಕಾಲು ಎರಡೂ ನನ್ನ ಕಣ್ಣ ಮುಂದೆ ಇದ್ದವು. ಆಮೇಲೆ ಪಕ್ಕಕ್ಕೆ ಸರಿದವು. ಇಳಿದು ಹೋಗುವ ಸದ್ದು ತಿರುವಿನಾಚೆ ನಿಲ್ಲುವ ತನಕ ನಾನು ತಲೆ ಎತ್ತಲಿಲ್ಲ.