ಮೇಟಿಗೆ ಬಿಗಿದ ಕುಣಿಕೆ

ಮಿಡಿಗೇಶಿಯ ದಾಸಣ್ಣ ಇಪ್ಪತ್ತು ವರ್ಷ ವೀರಭದ್ರಯ್ಯನ ಕಣದಲ್ಲಿ ಮೇಟಿ ನೆಟ್ಟು ಎತ್ತು ತುಳಿಸಿದವನು. ಕಣದ ನಡುವಿನ ಆ ಕಂಬ ಹಾಲು ಬರುವ ಮರದ್ದೇ ಆಗಬೇಕು, ಎತ್ತಿನ ಹಗ್ಗದ ಕುಣಿಕೆ ಕಂಬದ ಸುತ್ತ ಸಡಿಲವಾಗಿ ತಿರುಗಬೇಕು. ಇವೆರಡರಲ್ಲಿ ಅವನು ಯಾರ ಮಾತೂ ಕೇಳುತ್ತಿರಲಿಲ್ಲ. ಎಂಬತ್ನಾಲ್ಕರ ಸುಗ್ಗಿಯಲ್ಲಿ ವೀರಭದ್ರಯ್ಯ ರಾಗಿಯನ್ನು ಟಾರು ರಸ್ತೆಗೆ ಹರವುವ ಮಾತೆತ್ತಿದ.

“ಬಸ್ಸು ತುಳಿದ್ರೆ ಒಂದೇ ದಿನಕ್ಕೆ ಆಗೋಯ್ತದೆ ಕಣ್ಲಾ.”

“ಬಸ್ಸಿಗೆ ಮೇಟಿ ಎಲ್ಲಿ ನೆಡಾನ ಸ್ವಾಮಿ?”

ವೀರಭದ್ರಯ್ಯ ನಗಲಿಲ್ಲ. ಅಷ್ಟರಲ್ಲಿ ಮಹಾಲಿಂಗಯ್ಯ ಮೇಷ್ಟ್ರು ಶಾಲೆಯ ಮಕ್ಕಳನ್ನು ಕರೆದುಕೊಂಡು, ಪಾಠಕ್ಕೆಂದು ಒಂದು ಬೆಳಗಿನ ಮಟ್ಟಿಗೆ ಕಣ ಕೇಳಿಕೊಂಡು ಬಂದರು. ವೀರಭದ್ರಯ್ಯ ದಾಸಣ್ಣನಿಗೆ ಇಪ್ಪತ್ತೈದು ಕಂತೆ ಕೊಟ್ಟು, “ಇದ್ನ ನೆಟ್ಟಗೆ ತುಳಿಸು, ಕಣಾನೋ ರಸ್ತೇನೋ ನೋಡಿ ಹೇಳ್ತೀನಿ” ಎಂದು ಬದುವಿನ ಮೇಲೆ ಕೂತ.

ಎತ್ತುಗಳು ಸುತ್ತತೊಡಗಿದವು. ನಕ್ಷತ್ರಗಳ ಗುಂಪೂ ಹೀಗೇ ಸುತ್ತುತ್ತದೆ ಎಂದರು ಮೇಷ್ಟ್ರು.

“ಅಲ್ಲಿ ಮೇಟಿ ಯಾವ್ದು ಮೇಷ್ಟ್ರೇ?”

“ಕಪ್ಪುಕುಳಿ ಅಂತಾರೆ ದಾಸಣ್ಣ. ಲಕ್ಷಾಂತರ ಸೂರ್ಯರ ತೂಕ. ಹತ್ರ ಬಂದದ್ದನ್ನ ನುಂಗ್ತದೆ, ಬೆಳಕನ್ನೂ ಬಿಡಲ್ಲ.”

“ಅಂಗಾರೆ ಕಣ ಖಾಲಿ ಆಗೋಗಲ್ವಾ?”

“ನುಂಗೋದು ಸೊಲ್ಪ. ಮಿಕ್ಕಿದ್ದು ಹತ್ರತ್ರ ಸುತ್ತಿ ಬಿಸಿಯೇರಿ, ಬಿರುಗಾಳಿ ಎದ್ದು, ಹೊಸ ನಕ್ಷತ್ರ ಆಗೋ ಅನಿಲಾನ ಆಚೆಗೆ ತಳ್ತದೆ ಅಂತ ಕೆಲವರ ಊಹೆ. ಆಮೇಲೆ ಆ ಗುಂಪಲ್ಲಿ ನಕ್ಷತ್ರ ಹುಟ್ಟೋದೇ ಕಮ್ಮಿ.”

ಮಕ್ಕಳು ಆಕಳಿಸಿದರು. ದಾಸಣ್ಣನಿಗೆ ಮಾತ್ರ ಅರ್ಥವಾಯಿತು. ಮೇಟಿ ನೆಡಲು ಕಲಿತ ವರ್ಷ, ಕುಣಿಕೆ ಬಿಗಿಯಾದರೆ ಕಣದಲ್ಲೂ ಹಾಗೇ ಆಗುವುದನ್ನು ಅವನು ಕಣ್ಣಾರೆ ಕಂಡಿದ್ದ. ಬದುವಿನ ಕಡೆಗೊಮ್ಮೆ ನೋಡಿದ. ಎತ್ತು ನಿಲ್ಲಿಸಿ ಕುಣಿಕೆ ಬಿಗಿದ.

ಈಗ ಹಗ್ಗ ತಿರುಗದೆ ಮೇಟಿಗೇ ಸುತ್ತಿಕೊಂಡಿತು. ಸುತ್ತು ಸುತ್ತಿಗೂ ಎತ್ತುಗಳು ಒಳಕ್ಕೆ ಬಂದವು. ಒಳಗಿನ ಎತ್ತಿನ ಭುಜ ಕಂಬಕ್ಕೆ ಉಜ್ಜಿದ್ದೇ ತಡ, ಅದು ಬೆದರಿ ಹಿಂಗಾಲು ಝಾಡಿಸಿತು. ತೆನೆ, ಹುಲ್ಲು, ಧೂಳು ಎಲ್ಲ ಕಣದಾಚೆಗೆ ಹಾರಿದವು. ತುಳಿಯಲು ನಡುವೆ ಒಂದು ಕಂತೆಯೂ ಉಳಿಯಲಿಲ್ಲ. ಮಕ್ಕಳು ಕೂಗಿಕೊಂಡು ಹಿಂದೆ ಸರಿದರು.

“ಇಂಗೆ ತಾನೆ?”

“ಇಂಗೇ ದಾಸಣ್ಣ,” ಎಂದರು ಮೇಷ್ಟ್ರು.

“ಲೇ ದಾಸ, ಕುಣಿಕೆ ಹಾಕೋದೂ ಮರೆತ್ಬುಟ್ಟಾ!” ವೀರಭದ್ರಯ್ಯ ಎದ್ದು ಹೋದ. ಬೇಕೆಂದೇ ಬಿಗಿದೆ ಎಂದು ದಾಸಣ್ಣ ಹೇಳಲಿಲ್ಲ. ಚೆಲ್ಲಿದ ತೆನೆಗಳನ್ನು ಒಂದೊಂದಾಗಿ ಆರಿಸಿ ಕಂತೆ ಕಟ್ಟಿಟ್ಟ.

ಮುಂದಿನ ಸೋಮವಾರ ವೀರಭದ್ರಯ್ಯನ ರಾಗಿ ರಸ್ತೆಗೆ ಹೋಯಿತು. ಆಮೇಲೆ ಐದು ವರ್ಷ ದಾಸಣ್ಣ ಮೇಟಿ ನೆಟ್ಟದ್ದು ಶಾಲೆಯ ಬಯಲಲ್ಲಿ ಮಾತ್ರ, ಮೇಷ್ಟ್ರ ಪಾಠಕ್ಕೆಂದು ವರ್ಷಕ್ಕೊಂದು ಬೆಳಗ್ಗೆ. ಮೊದಲು ಸಡಿಲ ಕುಣಿಕೆಯಲ್ಲಿ ಹತ್ತು ಸುತ್ತು ಹೊಡೆಸಿ, ಆಮೇಲೆ ಬಿಗಿಯುತ್ತಿದ್ದ.