ಅಳಿಸಿಹೋದ ಇಪ್ಪತ್ತೆರಡು ಪಾಠಗಳು

ನಸೀಮಾ, ನಿನ್ನ ಪಾಠಗಳು ಅಳಿಸಿಹೋದದ್ದು ನಿನ್ನ ತಪ್ಪಿನಿಂದಲ್ಲ, ನನ್ನಿಂದ. ‘ಮ್ಯಾಲೆ ಇರ್ತಾವಲ್ರೀ ಅಕ್ಕಾರ?’ ಎಂದು ನೀನು ಕೇಳಿದಾಗ ನಾನು ‘ಇರ್ತಾವ’ ಎಂದೆ. ಇರುವುದಿಲ್ಲ ಎಂದು ನನಗೆ ಗೊತ್ತಿತ್ತು.

ನಾಲ್ಕು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದೆ. ಈಗ ಹೇಳಲು ಕೂತರೆ ಎಲ್ಲಿಂದ ಶುರುಮಾಡಬೇಕೋ — ಹೊಟ್ಟೆಕಿಚ್ಚಿನಿಂದಲೇ ಮಾಡುತ್ತೇನೆ. ಉಳಿದದ್ದೆಲ್ಲ ಅದರ ಹಿಂದೆ ಬಂದದ್ದು.

ರಾಮತೀರ್ಥ ನಗರದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಆಗ ಹದಿನಾರು ವರ್ಷದಿಂದ ಪಾಠ ಮಾಡುತ್ತಿದ್ದೆ. ನೀನು ಖಾನಾಪುರದಿಂದ ದಿನಾ ಬಸ್ಸಿನಲ್ಲಿ ಬಂದು ನನ್ನ ಹತ್ತಿರವೇ ಕಲಿತವಳು. ಮೌಸ್ ಹಿಡಿಯುವುದನ್ನು ಸಹ ನಾನೇ ಕಲಿಸಿದ್ದೆ. ಪಕ್ಕದ ಕೋಣೆಯಲ್ಲಿ ನೀನೂ ಶಿಕ್ಷಕಿಯಾಗಿ ನಿಂತ ದಿನ ಎಲ್ಲರಿಗೂ ಸಿಹಿಯೆಂದು ಕುಂದಾ ಹಂಚಿದವಳು ನಾನು. ಆ ಸಂತೋಷ ಸುಳ್ಳಲ್ಲ, ನಂಬು. ಅದು ಎಷ್ಟು ದಿನ ಬಾಳಿತು ಎಂದು ಮಾತ್ರ ಕೇಳಬೇಡ.

ಕ್ಲೌಡ್ ಕಂಪ್ಯೂಟಿಂಗ್ ಪಾಠ ನನಗೆ ಎಂದೂ ಒಲಿಯಲಿಲ್ಲ. ‘ಅಂತರ್ಜಾಲದ ಮೂಲಕ ಒದಗಿಸಲಾಗುವ ಗಣಕ ಸಂಪನ್ಮೂಲ’ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ, ವಿದ್ಯಾರ್ಥಿಗಳು ಬರೆದುಕೊಂಡು ಆಕಳಿಸುತ್ತಿದ್ದರು. ಒಂದು ಮಧ್ಯಾಹ್ನ ನಿನ್ನ ಕೋಣೆಯಲ್ಲಿ ನಗು ಕೇಳಿ ಬಾಗಿಲ ಹತ್ತಿರ ನಿಂತೆ. ರವಿವಾರ ಪೇಟೆಯ ವ್ಯಾಪಾರಸ್ಥರು ಬೆಂಚು ತುಂಬ ಕೂತಿದ್ದರು, ನೀನು ಹೇಳುತ್ತಿದ್ದೆ:

‘ಮನಿಮನಿಗೆ ಗಿರಣಿ ಇಟ್ಕೋತೀವೇನ್ರೀ? ಜ್ವಾಳ ಒಯ್ದು ಊರ ಗಿರಣ್ಯಾಗ ಬೀಸಿಸ್ತೀವಿ. ಬೀಸಿದಷ್ಟಕ್ಕ ರೊಕ್ಕ. ಗಿರಣಿ ಕೆಟ್ರ ಚಿಂತಿ ಅವಂದು, ನಮ್ದಲ್ಲ. ಕ್ಲೌಡ್ ಅಂದ್ರ ಹಿಂಗ — ದೂರದ ಊರಾಗಿನ ಯಾರದೋ ದೊಡ್ಡ ಕಂಪ್ಯೂಟರ್. ನಿಮ್ಮ ಫೋನ್ ಒಡದ್ರೂ ನಿಮ್ಮ ಸಾಮಾನು ಅಲ್ಲಿ ಇರ್ತೈತಿ.’

‘ಗಿರಣಿ ಬಂದ್ ಇತ್ತಂದ್ರ?’ ಎಂದರು ಹಿರಿಯರೊಬ್ಬರು.

‘ಅವತ್ತ ರೊಟ್ಟಿ ಇಲ್ರೀ ಕಾಕಾ. ನೆಟ್ ಹೋತಂದ್ರ ಕೈ ಕಟ್ಕೊಂಡು ಕುಂದ್ರೋದು.’

ಮತ್ತೆ ನಗು. ವಾರವಾರವೂ ಜೋಳದ ಡಬ್ಬಿ ಹೊತ್ತು ಗಿರಣಿಗೆ ಹೋಗುವವಳು ನಾನೂ ಹೌದು. ಹದಿನಾರು ವರ್ಷದಲ್ಲಿ ನನಗೆ ಯಾಕೆ ಹೊಳೆಯಲಿಲ್ಲ — ನನ್ನ ಕೈಯಲ್ಲಿ ಕಲಿತ ಹುಡುಗಿಗೆ ಯಾಕೆ ಹೊಳೆಯಬೇಕು? ಆ ದಿನದಿಂದ ನಿನ್ನ ನಗು ಸಹ ನನಗೆ ಸೇರದಾಯಿತು.

ಆಮೇಲೆ ಖಾನಾಪುರದಲ್ಲಿ ಕೇಂದ್ರದ ಶಾಖೆ ತೆರೆಯುವ ಮಾತು ಬಂತು. ಅದರ ಮುಖ್ಯಸ್ಥೆ ನೀನೋ ನಾನೋ ಎಂದು ಇನ್ನೂ ಗೊತ್ತಾಗಿರಲಿಲ್ಲ. ನೀನು ಮನೆಯಲ್ಲೇ ಫೋನಿನಲ್ಲಿ ಪಾಠಗಳ ವಿಡಿಯೊ ಮಾಡತೊಡಗಿದೆ, ನಿಮ್ಮ ಅಮ್ಮೀಯನ್ನು ವಿದ್ಯಾರ್ಥಿನಿಯಾಗಿ ಎದುರಿಗೆ ಕೂರಿಸಿಕೊಂಡು. ಅವರು ತಮ್ಮ ಉರ್ದು ಬೆರೆತ ಕನ್ನಡದಲ್ಲಿ ಪ್ರಶ್ನೆ ಕೇಳುವುದು, ನೀನು ಉತ್ತರ ಹೇಳುವುದು. ಇಪ್ಪತ್ತೆರಡು ಪಾಠ. ಕೇಂದ್ರದವರು ಅವನ್ನು ನೋಡಿದ್ದರೆ ಶಾಖೆ ನಿನ್ನದೇ ಆಗುತ್ತಿತ್ತು.

ಆ ವಿಡಿಯೊಗಳು ಕೇಂದ್ರದ ಕ್ಲೌಡ್ ಖಾತೆಗೆ ತಾವಾಗಿಯೇ ಹೋಗುತ್ತಿದ್ದವು. ಖಾತೆ ತೆರೆದವಳು ನಾನು, ಅದರ ಪಾಸ್‌ವರ್ಡ್ ಇದ್ದದ್ದೂ ನನ್ನ ಹತ್ತಿರ ಮಾತ್ರ. ಫೋನಿನಲ್ಲಿ ಅಳಿಸಿದರೆ ಮೇಲೆ ಕ್ಲೌಡಿನಲ್ಲೂ ಅಳಿಯುವ ಹಾಗೆ ಹೊಂದಿಸಿಟ್ಟವಳೂ ನಾನು, ಅದು ನಿನಗೆ ತಿಳಿದಿರಲಿಲ್ಲ. ಫೋನ್ ತುಂಬಿದೆ, ಇಲ್ಲಿಂದ ಅಳಿಸಲೇ ಎಂದು ನೀನು ಕೇಳಲು ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಕಪ್ಪು ಕೆಳಗಿಡದೆ ಆ ಒಂದು ಮಾತು ಹೇಳಿದೆ. ನೀನು ನನ್ನೆದುರೇ ನಿಂತು ಒಂದೊಂದಾಗಿ ಅಳಿಸಿದೆ.

ಅಳಿಸಿದ್ದು ಮೂವತ್ತು ದಿನ ಖಾತೆಯ ಕಸದ ಬುಟ್ಟಿಯಲ್ಲಿರುತ್ತದೆ, ಒಂದು ಗುಂಡಿ ಒತ್ತಿದರೆ ವಾಪಸು ಬರುತ್ತದೆ. ನಾನು ದಿನಾ ಅದನ್ನು ತೆರೆದು ನೋಡುತ್ತಿದ್ದೆ. ನಾಳೆ ಒತ್ತಿದರಾಯಿತು, ನಾಳೆ... ‘ಇರ್ತಾವ’ ಎಂದದ್ದನ್ನು ಒಂದು ಗಳಿಗೆಯ ಕೆಟ್ಟ ಬುದ್ಧಿ ಎನ್ನಬಹುದು. ಆ ಮೂವತ್ತು ದಿನಗಳನ್ನು ಏನೆನ್ನಲಿ? ಮೂವತ್ತೊಂದನೆಯ ದಿನ ಬುಟ್ಟಿ ಬರಿದಾಗಿತ್ತು. ನನಗೆ ಸಮಾಧಾನವಾಯಿತು. ಇದನ್ನೂ ಬರೆಯಲೇಬೇಕು — ಸಮಾಧಾನವಾಯಿತು.

ನೀನು ನನ್ನ ಮೇಲೆ ಒಂದು ದಿನವಾದರೂ ಸಂಶಯಪಟ್ಟಿದ್ದರೆ ಚೆನ್ನಾಗಿತ್ತು. ಪಾಠಗಳು ಮೇಲೂ ಇಲ್ಲವೆಂದು ಗೊತ್ತಾದಾಗ ನೀನು ‘ಅಕ್ಕಾರು ತಪ್ಪ ಹೇಳಾಂಗಿಲ್ಲ. ನಾನ ಮತ್ತೇನೋ ಒತ್ತೀನಿ’ ಎಂದು ಎಲ್ಲರೆದುರು ಹೇಳಿದೆ. ಶಾಖೆ ನನಗೆ ಬಂತು. ಅಲ್ಲಿ ಮೊದಲ ಪಾಠದಲ್ಲಿ ಗಿರಣಿಯ ಮಾತನ್ನು ನನ್ನದೇ ಎಂಬಂತೆ ಹೇಳಿದೆ. ಜನ ನಕ್ಕರು. ನನಗೆ ನಗು ಬರಲಿಲ್ಲ.

ಹೋದ ತಿಂಗಳು ಅಮ್ಮೀ ತೀರಿಕೊಂಡಾಗ ನಿಮ್ಮ ಮನೆಗೆ ಬಂದಿದ್ದೆ. ನನ್ನ ಕೈ ಹಿಡಿದುಕೊಂಡು ನೀನು ಅಂದೆ: ‘ಅಮ್ಮೀ ದನಿ ಆ ಪಾಠದಾಗಷ್ಟ ಇತ್ರೀ ಅಕ್ಕಾರ. ಬ್ಯಾರೆ ಎಲ್ಲೂ ಇಲ್ಲ.’

ಇದೆ, ನಸೀಮಾ. ಒಂದು ಇದೆ. ನಿನ್ನ ಹಾಗೆ ಹೇಳುವುದನ್ನು ಕಲಿಯಬೇಕೆಂದು, ನೀನು ಅಳಿಸುವ ಮೊದಲೇ, ಗಿರಣಿಯ ಪಾಠವನ್ನು ಕದ್ದು ಪೆನ್ ಡ್ರೈವಿಗೆ ಇಳಿಸಿಕೊಂಡಿದ್ದೆ. ನಾಲ್ಕು ವರ್ಷದಿಂದ ನನ್ನ ಕಪಾಟಿನಲ್ಲಿ, ಸೀರೆಗಳ ಕೆಳಗೆ ಬಿದ್ದಿದೆ. ಕೊಟ್ಟರೆ ಎಲ್ಲಿಂದ ಬಂತು ಎಂದು ಕೇಳುತ್ತೀಯಲ್ಲ — ಅದಕ್ಕೇ ಅವತ್ತೂ ಅದನ್ನು ಹೇಳದೆ ಎದ್ದು ಬಂದೆ.

ನಿನ್ನೆ ಹಚ್ಚಿ ನೋಡಿದೆ. ಅಮ್ಮೀ ಸೆರಗು ಸರಿಮಾಡಿಕೊಂಡು ಕೇಳುತ್ತಾರೆ: ‘ಗಿರಣಿಯಾಂವ ನಮ್ಮ ಹಿಟ್ಟು ತಾನ ಇಟ್ಕೊಂಡ್ರ ಏನ್ ಮಾಡೂದು ಬೇಟಾ?’

ನೀನು ನಗುತ್ತ ಹೇಳುತ್ತೀ: ‘ಅದಕ್ಕ ಗುರ್ತಿನವರ ಗಿರಣಿಗೆ ಹೋಗಬೇಕು, ಅಮ್ಮೀ.’

ಶಾಖೆ ಯಾರದಾಗಬೇಕಿತ್ತು, ಯಾಕೆ ಆಗಲಿಲ್ಲ ಎಂದು ಕೇಂದ್ರದವರಿಗೂ ಬರೆದು ಕೊಟ್ಟಿದ್ದೇನೆ. ಈ ಕಾಗದವನ್ನೂ ಪೆನ್ ಡ್ರೈವನ್ನೂ ನಾನೇ ಖಾನಾಪುರದ ನಿಮ್ಮ ಮನೆಗೆ ತಂದು ನಿನ್ನ ಕೈಗೆ ಕೊಡುತ್ತೇನೆ. ನೀನು ಯಾವಾಗಿನಂತೆ ‘ಬರ್ರಿ ಅಕ್ಕಾರ, ಕುಂದರ್ರಿ’ ಎನ್ನುತ್ತೀ. ನಾನು ಕೂರುವುದಿಲ್ಲ. ನೀನು ಈ ಸಾಲಿನವರೆಗೆ ಓದುವ ತನಕ ಹೊಸ್ತಿಲ ಹೊರಗೇ ನಿಂತಿರುತ್ತೇನೆ.